ಸಫಾರಿ ದುಡ್ಡಲ್ಲಿ ಊರಿಗೂ ಪಾಲು ಬೇಕು

ಆಫ್ರಿಕಾದ ಉಗಾಂಡಾ ದೇಶದಲ್ಲಿ ಬ್ವಿಂಡಿ ಎಂಬ ಬೆಟ್ಟದ ಮಳೆಕಾಡಿದೆ. ಪ್ರಪಂಚದ ಬೆಟ್ಟದ ಗೊರಿಲ್ಲಾಗಳಲ್ಲಿ ಸುಮಾರು ಅರ್ಧ ಅಲ್ಲೇ ಇವೆ. ವಿದೇಶಿಯರು 800 ಡಾಲರ್ ಕೊಟ್ಟು, ಕಾಡಿನ ಏರು ಹತ್ತಿ, ಒಂದೇ ಗಂಟೆ ನೋಡಿ ಬರುತ್ತಾರೆ. ಅವರ ಬ್ಯಾಗು ಹೊರುವವರು ಪಕ್ಕದ ಊರಿನವರು.

ಅದು ನಮಗ್ಯಾಕೆ ಅಂತೀರಾ? ಅಲ್ಲಿನ ಕಾನೂನಿನಂತೆ ಪ್ರವೇಶ ಶುಲ್ಕದಲ್ಲಿ ನೂರಕ್ಕೆ 20 ಭಾಗ ಕಾಡಂಚಿನ ಊರುಗಳಿಗೆ ಸೇರಬೇಕು. ಒಂದೊಂದು ಗೊರಿಲ್ಲಾ ಟಿಕೆಟ್‌ನಿಂದ 10 ಡಾಲರ್ ಬೇರೆ. ಅಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. 1991ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಕಾಡಿನ ಬಾಟ್ವಾ ಜನರನ್ನೇ ಹೊರಹಾಕಿದರು. ಆದರೂ ಪಾಲಿನ ಮಾತು ಕಾನೂನಿನಲ್ಲಿದೆ.

ನಮ್ಮ ಕಡೆ ನೋಡಿ. ನಂಜನಗೂಡು ತಾಲ್ಲೂಕಿನ ಹೆಡಿಯಾಲ ಭಾಗ ಬಂಡೀಪುರಕ್ಕೆ ಅಂಟಿಕೊಂಡಿದೆ. 2023ರ ನವೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನಲ್ಲೇ ದನ ಮೇಯಿಸಲು ಹೋದ ಹೆಣ್ಣುಮಗಳು ಹುಲಿಗೆ ಬಲಿಯಾದರು. ತಿ. ನರಸೀಪುರದಲ್ಲಿ ಸಫಾರಿಯೇ ಇಲ್ಲ. ಆದರೂ 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ಚಿರತೆ 4 ಜನರನ್ನು ಕೊಂದಿತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಯ ನಂತರ ಬಂಡೀಪುರ, ನಾಗರಹೊಳೆ ಸಫಾರಿ ನಿಲ್ಲಿಸಿದರು. ಸಫಾರಿ ನಿಂತರೂ ನಡೆದರೂ ಹುಲಿ ಪಕ್ಕ ಬದುಕುವವರು ನಾವೇ.

ಪರಿಹಾರ ಸತ್ತ ಮೇಲೆ ಬರುತ್ತದೆ. ನಾವು ಕೇಳುವುದು ಬದುಕಿರುವಾಗಿನ ಪಾಲು. ಸಫಾರಿ ಟಿಕೆಟ್‌ನಲ್ಲಿ ಇಂತಿಷ್ಟು ಭಾಗ ಪಂಚಾಯ್ತಿಗೆ ಎಂದು ಕಾನೂನು ಬರಲಿ. ಗೇಟ್ ಇರುವ ಊರಿಗಷ್ಟೇ ಅಲ್ಲ, ಪ್ರಾಣಿ ಓಡಾಡುವ ಊರಿಗೂ ಸಿಗಲಿ. ಆ ದುಡ್ಡಲ್ಲಿ ಬೀದಿದೀಪ, ಕೊಟ್ಟಿಗೆ, ಬೇಲಿ ಆಗಲಿ. ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ.

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಇದನ್ನು ಠರಾವಿಗೆ ಹಾಕಿಸಿ.