ಆ ಒಂದು ಸಾಲಿನ ಹಿಂದೆ

ಸಿನಿಮಾ ಶುರುವಾಗುವ ಮೊದಲು ತೆರೆಯ ಮೇಲೆ ಒಂದು ಸಾಲು ಬಂದು ಹೋಗುತ್ತದೆ, ನೋಡಿದ್ದೀರಲ್ಲ? ಪಾತ್ರಗಳೂ ಘಟನೆಗಳೂ ಕೇವಲ ಕಾಲ್ಪನಿಕ ಅಂತ. ನಾವು ಆಗ ಮಗುವಿಗೆ ಜಾಗ ಮಾಡಿಕೊಡುತ್ತಲೋ, ಕಡಲೆಕಾಯಿ ಪೊಟ್ಟಣ ಬಿಚ್ಚುತ್ತಲೋ ಇರುತ್ತೇವೆ. ಯಾರು ಓದುತ್ತಾರೆ ಅದನ್ನ! ಆದರೆ ಆ ಸಾಲಿನ ಹಿಂದೆ ಇಬ್ಬರು ಹೆಂಗಸರಿದ್ದಾರೆ. ಒಬ್ಬರು ರಾಜಮನೆತನದವರು, ಇನ್ನೊಬ್ಬರು ಅವರ ವಕೀಲೆ. ಇವತ್ತು ಆ ವಕೀಲೆಯನ್ನು ನೆನೆಯೋಣ.

ಹೆಸರು ಫ್ಯಾನಿ ಹೋಲ್ಟ್ಸ್‌ಮನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಯೆಹೂದಿ ಮನೆಯಲ್ಲಿ ಬೆಳೆದವರು. ಹಗಲು ವಕೀಲರ ಕಚೇರಿಯಲ್ಲಿ ದುಡಿತ, ರಾತ್ರಿ ಫೋರ್ಡಂ ಕಾನೂನು ಕಾಲೇಜಿನಲ್ಲಿ ಓದು. 1920ರ ದಶಕದಲ್ಲಿ ಕರಿ ಕೋಟು ಹಾಕುವ ಹೆಂಗಸರು ಎಷ್ಟು ಜನ ಇದ್ದಾರು, ನೀವೇ ಯೋಚಿಸಿ! ಫ್ಯಾನಿ ನಾಟಕ, ಸಿನಿಮಾದವರ ವಕೀಲೆಯಾದರು.

1932ರಲ್ಲಿ ಹಾಲಿವುಡ್ಡಿನ ಎಂ.ಜಿ.ಎಂ. ಕಂಪನಿ ರಾಸ್ಪುಟಿನ್ ಕುರಿತು ಚಿತ್ರ ತೆಗೆಯಿತು. ಅದರಲ್ಲಿ ರಾಜಕುಮಾರಿಯೊಬ್ಬಳ ಮಾನವನ್ನು ಅವನು ಕೆಡಿಸಿದಂತೆ ತೋರಿಸಿದ್ದರು. ರಷ್ಯದ ಕೊನೆಯ ಚಕ್ರವರ್ತಿಯ ಸೋದರಿಯ ಮಗಳು ಇರೀನಾ ಯುಸುಪೋವ್, ಅದು ತನ್ನನ್ನೇ ಕುರಿತದ್ದು ಎಂದು ನೊಂದರು. ಆಕೆಯ ಗಂಡ ರಾಸ್ಪುಟಿನ್ ಕೊಲೆಯಲ್ಲಿ ಭಾಗಿಯಾದವರು. ಹೀಗಿರುವಾಗ ಪಾತ್ರ ಯಾರದೆಂದು ಜನಕ್ಕೆ ಗೊತ್ತಾಗದೆ ಇದ್ದೀತೇ? ಅಷ್ಟು ದೊಡ್ಡ ಕಂಪನಿಯ ಎದುರು ನಿಲ್ಲಲು ಫ್ಯಾನಿ ಹಿಂಜರಿಯಲಿಲ್ಲ.

ಲಂಡನ್ನಿನಲ್ಲಿ ಮೊಕದ್ದಮೆ ನಡೆಯಿತು. ‘ಬಲಾತ್ಕಾರವಾದರೆ ತಪ್ಪು ಹೆಣ್ಣಿನದಲ್ಲ, ಅವಳಿಗೆ ಅವಮಾನ ಹೇಗಾದೀತು?’ ಎಂಬುದು ಎದುರು ಪಕ್ಷದ ವಾದ. ತಪ್ಪು ಅವಳದಲ್ಲದಿದ್ದರೂ ಜನ ಅವಳಿಂದ ದೂರ ಸರಿಯುತ್ತಾರೆ, ಹಾನಿ ಹಾನಿಯೇ ಎಂದಿತು ನ್ಯಾಯಾಲಯ. 1934ರಲ್ಲಿ ಇರೀನಾಗೆ 25,000 ಪೌಂಡ್ ಪರಿಹಾರ ಸಿಕ್ಕಿತು. ಮೇಲ್ಮನವಿಯಲ್ಲೂ ಅದೇ ನಿಂತಿತು. ಆಮೇಲೆ ಚಿತ್ರ ಕಂಪನಿಗಳು ಎಚ್ಚೆತ್ತು, ಪಾತ್ರಗಳೆಲ್ಲ ಕಾಲ್ಪನಿಕ ಎಂದು ಮೊದಲೇ ಬರೆಯುವುದು ರೂಢಿಯಾಯಿತು.

ಫ್ಯಾನಿಗೆ ಕಕ್ಷಿದಾರರೆಂದರೆ ಬರೀ ಕಾಗದಪತ್ರವಲ್ಲ. ನಟಿ ಗರ್ಟ್ರೂಡ್ ಲಾರೆನ್ಸ್‌ಗೆ ತಕ್ಕ ಪಾತ್ರವನ್ನು ತಾವೇ ಒಂದು ಪುಸ್ತಕದಲ್ಲಿ ಕಂಡುಕೊಂಡು, ಸಂಗೀತ ನಾಟಕ ಬರೆಯುವವರ ಬಾಗಿಲು ತಟ್ಟಿದರು. ಹಾಗೆ ಹುಟ್ಟಿದ್ದು 1951ರ ‘ದಿ ಕಿಂಗ್ ಅಂಡ್ ಐ’.

ಇಷ್ಟೆಲ್ಲ ಓಡಾಟದ ನಡುವೆ ಮನೆಯನ್ನು ಬಿಟ್ಟರೆ? ಇಲ್ಲ. ವಕೀಲಿ ಕಚೇರಿ ನಡೆಸಿದ್ದೇ ಸೋದರನ ಜೊತೆ. ಅವರ ಜೀವನಚರಿತ್ರೆ ಬರೆದು 1976ರಲ್ಲಿ ಹೊರತಂದದ್ದು ಸೋದರಳಿಯ. ನಾಲ್ಕು ವರ್ಷದ ಮೇಲೆ, 1980ರಲ್ಲಿ, ಫ್ಯಾನಿ ಕಣ್ಣು ಮುಚ್ಚಿದರು. ಚಿಕ್ಕಮ್ಮನೋ ದೊಡ್ಡಮ್ಮನೋ ಆದವಳ ಬಗ್ಗೆ ಅಳಿಯ ಒಂದು ಪುಸ್ತಕ ಬರೆಯುತ್ತಾನೆಂದರೆ, ಕೋರ್ಟಿನಲ್ಲಿ ಗೆದ್ದದ್ದಕ್ಕಿಂತ ಅದೇನು ಸಣ್ಣ ಗೆಲುವೇ?

ಮುಂದಿನ ಸಲ ಆ ಸಾಲು ಬಂದಾಗ ಪೊಟ್ಟಣ ಆಮೇಲೆ ಬಿಚ್ಚಿ. ಹಾಗೇ ಬಾವಿಕಟ್ಟೆಯಲ್ಲೋ ಬಾಗಿಲಲ್ಲೋ ಇನ್ನೊಬ್ಬಳ ಸುದ್ದಿ ನಾಲಗೆಗೆ ಬಂದಾಗಲೂ ಒಮ್ಮೆ ನೆನಪು ಮಾಡಿಕೊಳ್ಳಿ. ನಮ್ಮ ಮಾತಿಗೆ ಅಂಥ ಸಾಲನ್ನು ಯಾರೂ ಬರೆದಿಟ್ಟಿಲ್ಲ, ಅಲ್ವೇ?