ಹೊಲೆಮಾದಿಗರ ಹಾಡು: ಒಂದು ಸಮಾಸದ ಮಾತು

ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಲೋಕಸೇವಾ ಪರೀಕ್ಷೆಗೆ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಓದುವ ನಮ್ಮ ಕೆಲವು ತರುಣರು ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಕುರಿತು ವಾದಿಸುವುದನ್ನು ಕೇಳಿದೆ. ಅದು ಘೋಷಣೆಯೇ ಹೊರತು ಕಾವ್ಯವಲ್ಲವೆಂಬುದು ಒಂದು ಪಕ್ಷ. ತರಗತಿಗಳಲ್ಲಿಯೂ ಇದು ಹಳೆಯ ಮಾತೇ. ಅಭಿಮಾನಿಗಳು ಅದನ್ನು ಅಮೆರಿಕದ ಕರಿಯರ ಹಾಡುಗಳ ಪಕ್ಕದಲ್ಲಿರಿಸಿ ಸಮರ್ಥಿಸಿದರು. ಜಾತಿಯು ಜನಾಂಗವಲ್ಲವೆಂದು ಪ್ರತಿವಾದ ಬಂದಿತು. 2001ರ ಡರ್ಬನ್ ಸಮ್ಮೇಳನದಲ್ಲಿ ಭಾರತ ಸರ್ಕಾರದ ನಿಲುವೂ ಅದೇ ಆಗಿತ್ತು.

ನನಗೆ ಹೋಲಿಕೆ ಕಾಣುವುದು ಹೆಸರಿಡುವ ರೀತಿಯಲ್ಲಿ. ಹೀಯಾಳಿಕೆಯ ಮಾತಾಗಿದ್ದ ಕರಿಬಣ್ಣವನ್ನೇ ಅಮೆರಿಕದವರು ಅರುವತ್ತರ ದಶಕದಲ್ಲಿ ಅಭಿಮಾನದ ಹೆಸರಾಗಿಸಿಕೊಂಡರು. ಅಲ್ಲಿಯ ಬ್ಲ್ಯಾಕ್ ಪ್ಯಾಂಥರರ ಹೆಸರನ್ನು 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರರು ತಳೆದರು. ನಮ್ಮ ಕವಿ ಅಷ್ಟು ದೂರ ಹೋಗಲಿಲ್ಲ. ಊರವರ ಬಾಯಲ್ಲಿ ಬೈಗುಳವಾಗಿದ್ದ ಎರಡು ಹೆಸರುಗಳನ್ನೇ ಹಾಡುವವರ ಹೆಸರಾಗಿ ಮುಖಪುಟಕ್ಕೆ ತಂದರು. ತಮ್ಮತಮ್ಮಲ್ಲಿಯೇ ದೂರವಿದ್ದ ಎರಡು ಕೇರಿಗಳು ಒಂದು ದ್ವಂದ್ವಸಮಾಸದಲ್ಲಿ ಒಂದಾದವು. ಕೇಶಿರಾಜನನ್ನು ಓದಿದ ನಾವು ಇದನ್ನು ಗಮನಿಸದಿದ್ದುದು ಸೋಜಿಗ! ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹಾಡಿದವರಿಗೆ ಅದು ಮೊದಲೇ ತಿಳಿದಿತ್ತು. 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಳಮೀಸಲಾತಿಯನ್ನು ಒಪ್ಪಿತು. ಪಾಲು ಬೇರೆಯಾಗುವುದು ನ್ಯಾಯವೇ ಸರಿ. ಆ ಸಮಾಸವನ್ನು ಮಾತ್ರ ಬಿಡಿಸಬೇಕಾಗಿಲ್ಲ.