ವಾಕರ್ ಹಿಡಿದವರಿಗೂ ಒಂದು ಕೆಲಸ

ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಅಜ್ಜಿಯೋ ತಾತನೋ ಮನೆಗೆ ಬಂದ ಮೊದಲ ವಾರ ಮನೆಯಲ್ಲಿ ಓಡಾಟವೇ ಓಡಾಟ. ನೆಂಟರು ಹಣ್ಣು ಹಿಡಿದು ಬರುತ್ತಾರೆ, ನೆರೆಹೊರೆಯವರು ವಿಚಾರಿಸಿಕೊಂಡು ಹೋಗುತ್ತಾರೆ. ನಿಜವಾದ ಪರೀಕ್ಷೆ ಆರಂಭವಾಗುವುದು ಎರಡು ಮೂರು ವಾರಗಳ ಬಳಿಕ. ಅಷ್ಟು ಹೊತ್ತಿಗೆ ಹೊಲಿಗೆ ಬಿಚ್ಚಿರುತ್ತಾರೆ, ನೋವು ಇಳಿಯತೊಡಗಿರುತ್ತದೆ, ನೆಂಟರು ಬರುವುದೂ ನಿಂತಿರುತ್ತದೆ. ಬೆಳಿಗ್ಗೆ ಮಕ್ಕಳು ಶಾಲೆಗೆ, ದೊಡ್ಡವರು ಕಚೇರಿಗೆ ಹೊರಟರೆ ಸಂಜೆಯವರೆಗೆ ಜೊತೆಗಿರುವುದು ಗೋಡೆ, ಗಡಿಯಾರ ಮತ್ತು ಟಿ.ವಿ. ಸಾರಿಗೆ ಉಪ್ಪು ಹೆಚ್ಚಾಯಿತು, ಫ್ಯಾನು ಸದ್ದು ಮಾಡುತ್ತದೆ, ಕರೆದರೆ ಯಾರೂ ಬರುವುದಿಲ್ಲ ಎಂಬ ಸಿಡಿಮಿಡಿ ಶುರುವಾಗುತ್ತದೆ. ಮನೆಯವರಿಗೆ ಅವರ ಸ್ವಭಾವವೇ ಕೆಟ್ಟಂತೆ ಕಾಣುತ್ತದೆ. ಆದರೆ ಕೆಟ್ಟಿರುವುದು ಅವರ ದಿನಚರಿ.

ತೊಡೆಮೂಳೆಯ ಮೇಲ್ತುದಿ ಚೆಂಡಿನಂತಿದ್ದು, ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂಥ ಕುಳಿಯಲ್ಲಿ ತಿರುಗುತ್ತದೆ. ಇವೆರಡು ಸವೆದಾಗ ಒಂದೊಂದು ಹೆಜ್ಜೆಯೂ ನೋವಿನದಾಗುತ್ತದೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು 1962ರಲ್ಲಿ ಲೋಹದ ಚೆಂಡನ್ನೂ ವಿಶೇಷ ಬಗೆಯ ಪಾಲಿಥೀನಿನ ಬಟ್ಟಲನ್ನೂ ಜೋಡಿಸಿದ ಕೀಲನ್ನು ಬಳಸಲಾರಂಭಿಸಿದರು. ಇಂದಿನ ವಿಧಾನಗಳ ಮೂಲ ಅದೇ. ಆ ದಿನಗಳಲ್ಲಿ ರೋಗಿಯನ್ನು ವಾರಗಟ್ಟಲೆ ಮಲಗಿಸಿಡುತ್ತಿದ್ದರು. ಈಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಹಾಗಿದ್ದರೂ ಸುತ್ತಲಿನ ಸ್ನಾಯುಗಳು ಚೇತರಿಸಿಕೊಳ್ಳಲು ವಾರಗಳು ಬೇಕು. ಪೂರ್ಣ ಬಲ ಬರಲು ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ. ನೋವು ಬೇಗ ಇಳಿಯುತ್ತದೆ, ಸ್ವತಂತ್ರವಾಗಿ ಓಡಾಡುವ ದಿನ ತಡವಾಗಿ ಬರುತ್ತದೆ. ಬೇಸರ ಹುಟ್ಟುವುದು ಈ ನಡುವಿನ ಕಾಲದಲ್ಲಿ.

ಹೊಸ ಕೀಲು ಜಾರದಿರಲೆಂದು ವೈದ್ಯರು ಹೇಳುವ ಕಟ್ಟುಪಾಡುಗಳನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಿ ನೆಲದ ಮೇಲಿನ ವಸ್ತುವನ್ನು ಎತ್ತಬಾರದು. ಶಸ್ತ್ರಚಿಕಿತ್ಸೆ ಮಾಡಿದ ರೀತಿಯನ್ನು ಅನುಸರಿಸಿ ಇವುಗಳಲ್ಲಿ ಹೆಚ್ಚುಕಡಿಮೆ ಉಂಟು. ಯಾವುದು ಎಷ್ಟು ದಿನ ಎಂಬುದಕ್ಕೆ ಆಯಾ ವೈದ್ಯರ ಮಾತೇ ಕೊನೆ. ನಮ್ಮ ಕಡೆಯ ಮನೆಗಳಲ್ಲಿ ಹಿರಿಯರು ಮಾಡುವ ಕೆಲಸಗಳು ಬಹುಪಾಲು ನೆಲಕ್ಕೆ ಸಂಬಂಧಿಸಿದವು. ರಂಗೋಲಿ ಇಡುವುದು, ಮಣೆಯ ಮೇಲೆ ಕುಳಿತು ಪೂಜೆ ಮಾಡುವುದು, ತೋಟದಲ್ಲಿ ಕಳೆ ಕೀಳುವುದು ಎಲ್ಲವೂ ಒಂದೇ ದಿನದಲ್ಲಿ ಕೈತಪ್ಪುತ್ತವೆ. ನಲವತ್ತು ವರ್ಷ ಮನೆ ನಡೆಸಿದವರು ನೀರಿನ ಲೋಟಕ್ಕೂ ಇನ್ನೊಬ್ಬರನ್ನು ಕರೆಯಬೇಕು. ಹೊತ್ತು ಹೋಗುವುದಿಲ್ಲ ಎಂದು ಅವರು ಹೇಳಿದರೂ, ಒಳಗಿನ ಸಂಕಟ ಬೇರೆ: ಈ ಮನೆಗೆ ಇನ್ನು ತನ್ನಿಂದೇನೂ ಆಗಬೇಕಾಗಿಲ್ಲ ಎಂಬುದು.

ಮನೆಯವರು ಇದಕ್ಕೆ ಕಂಡುಕೊಳ್ಳುವ ಪರಿಹಾರ ಎರಡು. ಒಂದು, ಮಂಚದ ಎದುರಿಗೆ ಟಿ.ವಿ. ಇನ್ನೊಂದು, ‘ನೀವು ಸುಮ್ಮನೆ ಮಲಗಿರಿ, ನಾವೆಲ್ಲ ನೋಡಿಕೊಳ್ಳುತ್ತೇವೆ’ ಎಂಬ ಮಾತು. ಪ್ರೀತಿಯಿಂದ ಆಡಿದ ಮಾತಾದರೂ ಇದರಿಂದ ನಷ್ಟವೇ ಹೆಚ್ಚು. ಸುಮ್ಮನೆ ಮಲಗಿದರೆ ಸ್ನಾಯುಗಳು ಸೊರಗುತ್ತವೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಹಗಲು ತೂಕಡಿಸಿ ರಾತ್ರಿ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟವರಿಗೆ ಮರುದಿನದ ಸಿಟ್ಟು ಇಮ್ಮಡಿ.

ಮೊದಲು ಬೇಕಾದದ್ದು ದಿನಕ್ಕೊಂದು ಆಕಾರ. ಎದ್ದು ಮುಖ ತೊಳೆದು, ರಾತ್ರಿಯ ಬಟ್ಟೆ ಬದಲಿಸಿ, ಎತ್ತರದ ಕುರ್ಚಿಯಲ್ಲಿ ಕುಳಿತು ತಿಂಡಿ ತಿನ್ನುವುದರಿಂದಲೇ ಅರ್ಧ ರೋಗ ಬಿಟ್ಟಂತಾಗುತ್ತದೆ. ವ್ಯಾಯಾಮಕ್ಕೆ, ನಡಿಗೆಗೆ, ವಿಶ್ರಾಂತಿಗೆ, ಓದಿಗೆ ಗೊತ್ತಾದ ವೇಳೆ ಇರಲಿ. ಇಲ್ಲಿ ಮನೆಯ ವಿದ್ಯಾರ್ಥಿ ಮುಖ್ಯಪಾತ್ರ ವಹಿಸಬಹುದು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಇಂದು ಕೋಣೆಯಿಂದ ಹಜಾರಕ್ಕೆ ಎಷ್ಟು ಸಲ ನಡೆದರು, ಯಾವ ವ್ಯಾಯಾಮ ಎಷ್ಟಾಯಿತು, ರಾತ್ರಿ ನಿದ್ದೆ ಹೇಗಿತ್ತು ಎಂದು ಬರೆದಿಡುವುದು ಐದು ನಿಮಿಷದ ಕೆಲಸ. ಅಜ್ಜಿ ‘ಏನೂ ಸುಧಾರಿಸಿಲ್ಲ’ ಎಂದು ಕಣ್ಣೀರು ಹಾಕಿದ ದಿನ ಹದಿನೈದು ದಿನ ಹಿಂದಿನ ಪುಟವನ್ನು ತೆರೆದು ತೋರಿಸಬಹುದು. ನಿನ್ನೆಗೂ ಇಂದಿಗೂ ವ್ಯತ್ಯಾಸ ಕಾಣದಿರಬಹುದು, ಕೆಲವು ದಿನ ಹಿಂದೆ ಬಿದ್ದಂತೆಯೂ ಅನ್ನಿಸಬಹುದು. ಹನಿಹನಿಗೂಡಿದರೆ ಹಳ್ಳ ಎಂಬುದು ಆ ಪುಸ್ತಕದಲ್ಲಿ ಕಣ್ಣಿಗೆ ಕಾಣುತ್ತದೆ. ಹೋಲಿಕೆ ತಮ್ಮ ಹಿಂದಿನ ದಿನಗಳೊಂದಿಗೆ ಇರಬೇಕೇ ಹೊರತು, ಮೂರೇ ವಾರಕ್ಕೆ ಮಹಡಿ ಹತ್ತಿದರೆಂದು ಕೇಳಿಬರುವ ಪಕ್ಕದ ಬೀದಿಯವರೊಂದಿಗಲ್ಲ. ಅಂಕಪಟ್ಟಿ ಹಿಡಿದು ಮಕ್ಕಳನ್ನು ಹೋಲಿಸುವ ತಂದೆತಾಯಿಗಳಿಗೂ ಈ ಪಾಠ ಹೊಸದಲ್ಲ.

ಟೆನಿಸ್ ಆಟಗಾರ ಆಂಡಿ ಮರ್ರೆಯ ಉದಾಹರಣೆ ಮಕ್ಕಳಿಗೆ ಗೊತ್ತಿರಬಹುದು. 31ರ ವಯಸ್ಸಿನಲ್ಲಿ, 2019ರ ಜನವರಿಯಲ್ಲಿ, ಅವರ ಸೊಂಟದ ಕೀಲಿಗೆ ಲೋಹದ ಹೊದಿಕೆ ಹಾಕಲಾಯಿತು. ಇದು ಕೀಲನ್ನು ಪೂರ್ತಿ ಬದಲಿಸುವ ಚಿಕಿತ್ಸೆಗಿಂತ ತುಸು ಭಿನ್ನ. ಆಟವೇ ಮುಗಿಯಿತೇನೋ ಎಂಬ ಸ್ಥಿತಿಯಿಂದ ಅವರು ನೇರವಾಗಿ ಸಿಂಗಲ್ಸ್‌ಗೆ ಜಿಗಿಯಲಿಲ್ಲ. ಜೂನಿನಲ್ಲಿ ಅಂಕಣದ ಅರ್ಧ ಭಾರವನ್ನು ಜೊತೆಗಾರ ಹೊರುವ ಡಬಲ್ಸ್‌ನಲ್ಲಿ ಆಡಿ ಗೆದ್ದರು. ಅಕ್ಟೋಬರಿನಲ್ಲಿ ಆಂಟ್‌ವರ್ಪ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಪಡೆದರು. ಅಂಥ ಕ್ರೀಡಾಪಟುವಿಗೇ ಒಂಬತ್ತು ತಿಂಗಳು ಬೇಕಾಯಿತೆಂದರೆ ಎಪ್ಪತ್ತರ ತಾತ ಆರು ವಾರಕ್ಕೆ ಅವಸರಪಡುವುದರಲ್ಲಿ ಅರ್ಥವಿಲ್ಲ.

ಎರಡನೆಯದು, ಮತ್ತು ಮುಖ್ಯವಾದದ್ದು, ಕೆಲಸ. ಎತ್ತರದ ಕುರ್ಚಿಯೂ ಅದಕ್ಕೆ ತಕ್ಕ ಮೇಜೂ ಇದ್ದರೆ ಹುರುಳಿಕಾಯಿ ಸೋಸುವುದು, ಹೂ ಕಟ್ಟುವುದು, ಹಾಲಿನ ಲೆಕ್ಕ, ತಿಂಗಳ ದಿನಸಿಯ ಚೀಟಿ ಬರೆಯುವುದು ಎಲ್ಲವೂ ಸಾಧ್ಯ. ಕೆಲಸ ನಿಜವಾದದ್ದಾಗಿರಬೇಕು, ಕೈಗೆ ಏನೋ ಕೊಟ್ಟು ಕೂರಿಸುವ ನಾಟಕ ಹಿರಿಯರಿಗೆ ತಕ್ಷಣ ತಿಳಿಯುತ್ತದೆ. ಏಳನೆಯ ತರಗತಿಯ ಮಗುವಿಗೆ ಮಗ್ಗಿ ಒಪ್ಪಿಸಿಕೊಳ್ಳುವುದು, ಹತ್ತನೆಯ ತರಗತಿಯವರಿಗೆ ಹಳಗನ್ನಡ ಪದ್ಯ ಬಿಡಿಸಿ ಹೇಳುವುದು, ಅಜ್ಜಿಯ ಬಾಲ್ಯದ ಊರು, ಬರಗಾಲ, ಮದುವೆಯ ಸಂಗತಿಗಳನ್ನು ಮೊಮ್ಮಕ್ಕಳು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಇವೆಲ್ಲ ಇಬ್ಬರಿಗೂ ಲಾಭ. ಮೇಜಿನ ಮೇಲೆ ಚೌಕಾಬಾರ, ಅಳಗುಳಿ ಮಣೆ ಹರಡಿದರೆ ಸಂಜೆ ಸರಿಯುವುದೇ ಗೊತ್ತಾಗುವುದಿಲ್ಲ. ವಿಜ್ಞಾನ ಓದುವ ಮಕ್ಕಳಿಗಂತೂ ಕೀಲು ಒಂದು ಜೀವಂತ ಪ್ರಯೋಗ. ಊರುಗೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು ಎನ್ನುತ್ತಾರೆ. ಆ ಕೈ ಕೀಲಿನಿಂದ ದೂರವಿರುವುದರಿಂದ ಸಣ್ಣ ಒತ್ತಡವೂ ಕೀಲಿನ ಹೊರೆಯನ್ನು ಹೆಚ್ಚು ಇಳಿಸುತ್ತದೆ. ಸನ್ನೆಕೋಲಿನ ನಿಯಮವನ್ನು ಮೊಮ್ಮಗಳು ವಿವರಿಸಿದರೆ ಅಜ್ಜಿಗೂ ನಿಯಮ ಪಾಲಿಸುವುದಕ್ಕೆ ಕಾರಣ ಸಿಕ್ಕಂತೆ.

ಹಾಸಿಗೆ ಹಿಡಿಯುವುದು ಹಿರಿಯರ ಪಾಲಿಗೆ ಮಾತ್ರ ಎಂದುಕೊಳ್ಳುವಂತಿಲ್ಲ. ಮೆಕ್ಸಿಕೊದ ಫ್ರಿಡಾ ಕಾಲೊ ವೈದ್ಯಳಾಗುವ ಆಸೆಯಿದ್ದ ವಿದ್ಯಾರ್ಥಿನಿ. 1925ರ ಸೆಪ್ಟೆಂಬರಿನಲ್ಲಿ ಬಸ್ ಅಪಘಾತದಲ್ಲಿ ಆಕೆಯ ಬೆನ್ನೆಲುಬು, ಸೊಂಟದ ಮೂಳೆ ಮುರಿದವು. ಆಗ ಆಕೆಗೆ ಹದಿನೆಂಟು. ತಿಂಗಳುಗಟ್ಟಲೆ ಮಲಗಿದ್ದ ಮಗಳಿಗಾಗಿ ತಾಯಿ ಮಲಗಿದಲ್ಲೇ ಚಿತ್ರ ಬರೆಯಬಹುದಾದ ಚೌಕಟ್ಟನ್ನು ಮಾಡಿಸಿದರು. ಮೇಲೆ ಕನ್ನಡಿ ಇಡಿಸಿದರು. ಕಣ್ಣೆದುರು ಸದಾ ಸಿಗುತ್ತಿದ್ದ ತನ್ನ ಮುಖವನ್ನೇ ಬರೆಯುತ್ತ ಆಕೆ ಜಗತ್ತು ಮೆಚ್ಚುವ ಕಲಾವಿದೆಯಾದರು. ಚಿತ್ರಕಲೆ ಆಕೆಯ ನೋವನ್ನು ಹೋಗಲಾಡಿಸಲಿಲ್ಲ, ಮುಂದೆಯೂ ಅನೇಕ ಶಸ್ತ್ರಚಿಕಿತ್ಸೆಗಳಾದವು. ಆದರೆ ಮನೆಯವರು ಆಕೆಯನ್ನು ಬರೀ ರೋಗಿಯೆಂದು ನೋಡದೆ ಕೈಗೊಂದು ಕೆಲಸ ಕೊಟ್ಟದ್ದು ದೊಡ್ಡ ಮಾತು. ಎಲ್ಲರೂ ಕಲಾವಿದರಾಗಬೇಕಿಲ್ಲ, ಮರುದಿನ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣವಿದ್ದರೆ ಸಾಕು.

ಆರೈಕೆ ಮಾಡುವವರ ಕಷ್ಟವನ್ನೂ ಮರೆಯುವಂತಿಲ್ಲ. ಹೆಚ್ಚಿನ ಮನೆಗಳಲ್ಲಿ ಈ ಭಾರವೆಲ್ಲ ಸೊಸೆಯ ಅಥವಾ ಮಗಳ ಹೆಗಲಿಗೆ ಬೀಳುತ್ತದೆ. ಹಿರಿಯರ ಸಿಟ್ಟೂ ಆಕೆಯ ಮೇಲೆಯೇ ಹರಿಯುತ್ತದೆ. ತಂದೆ, ಮಕ್ಕಳು ಕೆಲಸ ಹಂಚಿಕೊಂಡು ದಿನಕ್ಕೊಂದು ಗಂಟೆಯಾದರೂ ಆಕೆಯನ್ನು ಬಿಡುಗಡೆ ಮಾಡಬೇಕು. ಪರೀಕ್ಷೆಯ ಮಕ್ಕಳ ಪಾಲಿಗೆ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಸಾಕು. ಓದಿಗೆ ಅಡ್ಡಿಯಾಗದಷ್ಟು ಚಿಕ್ಕದಾಗಿ, ತಪ್ಪದೆ ನಡೆಯುವಷ್ಟು ಖಚಿತವಾಗಿ ಅದು ಇರಬೇಕು. ಇವತ್ತು ಸ್ನಾನ ಮೊದಲೋ ನಡಿಗೆ ಮೊದಲೋ ಎಂಬಂಥ ಸಣ್ಣ ತೀರ್ಮಾನಗಳನ್ನು ಹಿರಿಯರಿಗೇ ಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಎಲ್ಲವನ್ನೂ ಬೇಸರವೆಂದು ತಳ್ಳಿಹಾಕುವುದೂ ಸರಿಯಲ್ಲ. ಮೀನಖಂಡದಲ್ಲಿ ಊತ, ನೋವು, ಗಾಯದಲ್ಲಿ ಸೋರಿಕೆ, ಜ್ವರ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಏಕಾಏಕಿ ಉಸಿರಾಟದ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಊಟ ಬೇಡ, ಮಾತು ಬೇಡ, ಬದುಕೇ ಬೇಡ ಎಂಬ ಮಾತುಗಳು ಬಂದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಎರಡು ವಾರ ಮಂಕು ಕವಿದೇ ಇದ್ದರೂ ವೈದ್ಯರ ಸಲಹೆ ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಕೆಲವು ತಿಂಗಳಲ್ಲಿ ವಾಕರ್ ಅಟ್ಟ ಸೇರುತ್ತದೆ. ಆಗ ಮನೆಯವರು ನೆನಪಿಡಬೇಕಾದ ಮಾತೊಂದಿದೆ. ಬೇಸರ ಕಳೆಯಲೆಂದು ಅಜ್ಜಿಗೆ ಕೊಟ್ಟ ಕೆಲಸವನ್ನು, ಕಾಲು ಸರಿಹೋಯಿತೆಂದು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಳ್ಳಬಾರದು.